ಬೇರಿನ ಗಂಟು, ನಮ್ಮ ಗಂಟು



"ಏನಾದರೂ ಬರೆದು ಕೊಡಿ, ಆದರೆ ದಯವಿಟ್ಟು ಮತ್ತೆ ಕಂಪ್ಯೂಟರು, ಕ್ಲೌಡು ಅಂತ ಬೇಡ" ಎಂದು ಸಂಪಾದಕರು ಈ ಸಲ ಮೊದಲೇ ತಾಕೀತು ಮಾಡಿದ್ದಾರೆ. ಹಾಗಾಗಿ ಕ್ಲೌಡಿನಿಂದ ನೆಲಕ್ಕಿಳಿದಿದ್ದೇನೆ. ನೆಲಕ್ಕಿಂತಲೂ ಒಂದು ಗೇಣು ಕೆಳಗೆ, ಟೊಮೇಟೊ ಗಿಡದ ಬೇರಿನ ಹತ್ತಿರ. ನಾನು ಕೃಷಿ ಪದವೀಧರನಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಸಾಫ್ಟ್‌ವೇರು. ಆದರೆ ನಮ್ಮಲ್ಲಿ ಬಹಳ ಜನರಿಗೆ ಊರಲ್ಲಿ ಇನ್ನೂ ಒಂದೆರಡು ಎಕರೆ ಜಮೀನಿದೆ. ಅದನ್ನು ನೋಡಿಕೊಳ್ಳುವ ಒಬ್ಬ ಮಾವನೋ ಚಿಕ್ಕಪ್ಪನೋ ಇದ್ದಾರೆ, ಆಗಾಗ ಒಂದು ಫೋನೂ ಬರುತ್ತದೆ. ಅಂಥ ಒಂದು ಫೋನಿನಿಂದ ಶುರುವಾದದ್ದು ಈ ಲೇಖನ.

2023ರ ಅಕ್ಟೋಬರ್. ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ (ನಗಬೇಡಿ, ನಿಮ್ಮ ಮನೆಯಲ್ಲೂ ನಡೆಯುವುದೇ!). ಶ್ರೀನಿವಾಸಪುರದ ಹತ್ತಿರ ಹಳ್ಳಿಯಲ್ಲಿರುವ ನನ್ನ ಸೋದರಮಾವನಿಂದ ವಾಟ್ಸಪ್ಪಿನಲ್ಲಿ ಒಂದು ಫೋಟೊ ಬಂತು. ಶುಂಠಿಯ ಫೋಟೊ ಇರಬೇಕು ಎಂದುಕೊಂಡೆ. ಹಿಂದೆಯೇ ಕರೆ ಬಂತು.

"ಊಟ ಆಯ್ತೇನಪ್ಪಾ? ಫೋಟೊ ನೋಡಿದ್ಯಾ? ಶುಂಠಿ ಅಲ್ಲ ಕಣಪ್ಪ, ಟೊಮೇಟೊ ಬೇರು. ಬೇರೆಲ್ಲ ಗಂಟು ಗಂಟಾಗವೆ. ಮಧ್ಯಾಹ್ನ ಆಯ್ತು ಅಂದ್ರೆ ಗಿಡ ತಲೆ ಬಗ್ಗಿಸ್ತವೆ. ನೀರು ಬಿಟ್ಟರೂ ಅಷ್ಟೆ, ಗೊಬ್ಬರ ಕೊಟ್ಟರೂ ಅಷ್ಟೆ. ಅಂಗಡಿಯವನು ಒಂದು ಔಷಧಿ ಹೇಳವ್ನೆ. ಎರಡೆಕರೆಗೂ ಹಾಕಬೇಕಂತೆ. ಒಂದಷ್ಟು ದುಡ್ಡು ಕಳಿಸ್ತೀಯಾ?"

ಮಾವ ಹಾಗೆಲ್ಲ ಕೇಳುವವರಲ್ಲ. ನಾನು ಹಾಸ್ಟೆಲಿನಲ್ಲಿ ಓದುವಾಗ ನನ್ನ ಮೆಸ್ ಬಿಲ್ಲಿಗೆ ಅಮ್ಮನ ಕೈಗೆ ದುಡ್ಡು ಕೊಟ್ಟವರು ಅವರು. "ಆಯ್ತು ಮಾವ, ನಾಳೆ ಕಳಿಸ್ತೀನಿ" ಎಂದು ಬಾಯಿಗೆ ಬಂದಿತ್ತು. ಸುಮ್ಮನಿರಲಾರದೆ "ಯಾವ ಔಷಧಿ ಮಾವ? ಏನು ಮಾಡುತ್ತೆ ಅದು?" ಎಂದೆ. "ಮಣ್ಣಲ್ಲಿರೋದನ್ನೆಲ್ಲ ಸಾಯಿಸುತ್ತಂತೆ" ಅಂದರು.

ಆ "ಎಲ್ಲ" ಎಂಬ ಪದ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಫೀಸಿನಲ್ಲಿ ಯಾರಾದರೂ "ವೈರಸ್ ಬಂದಿದೆ, ಎಲ್ಲ ಅಳಿಸಿಬಿಡೋಣ" ಎಂದರೆ ಮೊದಲು ಕೇಳುವ ಪ್ರಶ್ನೆ, ಆ "ಎಲ್ಲ"ದಲ್ಲಿ ಇನ್ನೇನೇನಿದೆ ಅಂತ. ಮಣ್ಣಿನ ಬಗ್ಗೆ ಆ ಪ್ರಶ್ನೆಯನ್ನು ನಾನು ಅಲ್ಲಿಯತನಕ ಕೇಳಿಕೊಂಡೇ ಇರಲಿಲ್ಲ.

ಇರಲಿ, ಮೊದಲು ಶತ್ರುವಿನ ಪರಿಚಯ ಮಾಡಿಕೊಳ್ಳೋಣ. ಈ ಗಂಟಿಗೆ ಕಾರಣ ನೆಮಟೋಡ್ ಎಂಬ ಜಂತುಹುಳು. ಟೊಮೇಟೊ, ಬದನೆ, ಬೆಂಡೆ, ಸೌತೆ, ಕ್ಯಾರೆಟ್, ದಾಳಿಂಬೆ ಹೀಗೆ ನೂರಾರು ಬೆಳೆಗಳ ಬೇರಿಗೆ ಬರುವ ಈ ಜಾತಿಯ ಹೆಸರು ಮೆಲಾಯ್ಡೊಗೈನೆ. 1855ರಲ್ಲಿ ಇಂಗ್ಲೆಂಡಿನ ಬರ್ಕ್ಲಿ ಎಂಬ ಪಾದ್ರಿ ಗಾಜಿನಮನೆಯ ಸೌತೆ ಗಿಡದ ಬೇರಿನಲ್ಲಿ ಇದನ್ನು ಮೊದಲು ಗುರುತಿಸಿದ. ಮರಿಹುಳು ಅರ್ಧ ಮಿಲಿಮೀಟರೂ ಇಲ್ಲ, ಕಣ್ಣಿಗೆ ಕಾಣದು. ಅದರ ಬಾಯಲ್ಲಿ ಇಂಜೆಕ್ಷನ್ ಸೂಜಿಯಂಥದ್ದೊಂದು ಇರುತ್ತದೆ. ಬೇರಿನ ತುದಿಯಿಂದ ಒಳನುಗ್ಗಿ, ನೀರು ಮತ್ತು ಆಹಾರ ಸಾಗಿಸುವ ನಾಳದ ಪಕ್ಕದಲ್ಲೇ ಕೂತು, ಅಲ್ಲಿಯ ಜೀವಕೋಶಗಳಿಗೆ ತನ್ನ ರಸ ಚುಚ್ಚುತ್ತದೆ. ಆ ಕೋಶಗಳು ದೈತ್ಯಾಕಾರವಾಗಿ ಬೆಳೆದು ಹುಳುವಿಗೆ ಊಟ ಬಡಿಸುವ ಅಡುಗೆಮನೆಯಾಗುತ್ತವೆ. ಸುತ್ತಲಿನ ಬೇರು ಊದಿಕೊಂಡು ಗಂಟಾಗುತ್ತದೆ. ಗಂಟು ಕಟ್ಟುವುದು ಗಿಡವೇ, ಹುಳು ಕೊಡುವುದು ಹುಕುಂ ಮಾತ್ರ! ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಪಕ್ಕಾ ಹ್ಯಾಕಿಂಗ್.

ಒಂದು ಹೆಣ್ಣು ಸುಮಾರು 300ರಿಂದ 500 ಮೊಟ್ಟೆ ಇಡುತ್ತದೆ. ನಮ್ಮ ಕೋಲಾರದಂಥ ಬೆಚ್ಚಗಿನ ಮಣ್ಣಿನಲ್ಲಿ ಮೊಟ್ಟೆಯಿಂದ ಮೊಟ್ಟೆಗೆ ಸುಮಾರು ಒಂದು ತಿಂಗಳು ಸಾಕು. ನಾಲ್ಕೈದು ತಿಂಗಳ ಟೊಮೇಟೊ ಬೆಳೆಯಲ್ಲಿ ನಾಲ್ಕು ತಲೆಮಾರು ಆಗಿಹೋಗುತ್ತದೆ. ಬೆಳೆ ಮುಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಟೊಮೇಟೊ ನೆಟ್ಟರೆ? ಹಸಿದವರ ಮುಂದೆ ಎಲೆ ಹಾಕಿದಂತೆ.

ಮಾವ ಮಾಡಿದ್ದೂ ಅದನ್ನೇ. ಅವರನ್ನು ಬೈಯುವ ಮುನ್ನ ಆ ವರ್ಷದ ಕಥೆ ನೆನಪಿಸಿಕೊಳ್ಳಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಬಾಕ್ಸು 2000 ರೂಪಾಯಿ ದಾಟಿತ್ತು. ಟೊಮೇಟೊ ಕಾಯಲು ಹೊಲದಲ್ಲಿ ಜನ ಮಲಗಿದ್ದರು. ಅಂಥ ಹೊತ್ತಿನಲ್ಲಿ "ಈ ಸಲ ಬೇರೆ ಬೆಳೆ ಹಾಕಿ ಮಾವ" ಎಂದು ಹೇಳಿದ್ದರೆ ಅವರು ಫೋನ್ ಇಟ್ಟುಬಿಡುತ್ತಿದ್ದರು. ಎಲ್ಲರೂ ಟೊಮೇಟೊ ಮೇಲೆ ಟೊಮೇಟೊ ನೆಟ್ಟರು. ಸೆಪ್ಟೆಂಬರಿಗೆ ಬೆಲೆ ಬಿತ್ತು, ಮಾವನ ಹೊಲದಲ್ಲಿ ಅಕ್ಟೋಬರಿಗೆ ಬೇರು ಗಂಟು ಕಟ್ಟಿತು. ಬೇರಿನಲ್ಲಿ ಗಂಟು ಬೆಳೆದಷ್ಟೂ ರೈತನ ಗಂಟು ಕರಗುತ್ತದೆ.

ಈಗ "ಎಲ್ಲವನ್ನೂ ಸಾಯಿಸುವ" ಔಷಧಿಯ ವಿಷಯಕ್ಕೆ ಬರೋಣ. ಇದರ ಇತಿಹಾಸ ಹುಡುಕುತ್ತಾ ಹೋದರೆ ಅದು ನಮ್ಮ ಮನೆ ಬಾಗಿಲಿಗೇ ಬಂದು ನಿಂತಿತು. ನಾವು ಬೇ ಏರಿಯಾದವರು ವಾರಾಂತ್ಯ ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗುತ್ತೇವಲ್ಲ, ಅಲ್ಲಿಂದ ಗಾಳಿಯಂತ್ರಗಳ ಆಲ್ಟಮಾಂಟ್ ಗುಡ್ಡ ಇಳಿದು ಸ್ವಲ್ಪ ಮುಂದೆ ಹೋದರೆ ಲಾತ್ರಪ್ ಎಂಬ ಊರು ಸಿಗುತ್ತದೆ. 1977ರಲ್ಲಿ ಅಲ್ಲಿಯ ಒಂದು ಕೃಷಿ ರಾಸಾಯನಿಕ ಕಾರ್ಖಾನೆಯ ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ ಒಂದು ಸಂಗತಿ ಗಮನಿಸಿದರು. ಅವರಲ್ಲಿ ಯಾರಿಗೂ ಇತ್ತೀಚೆಗೆ ಮಕ್ಕಳೇ ಆಗುತ್ತಿಲ್ಲ! ಪರೀಕ್ಷೆ ಮಾಡಿಸಿದಾಗ ಹಲವರಲ್ಲಿ ವೀರ್ಯಾಣುಗಳೇ ಇರಲಿಲ್ಲ. ಕಾರಣ ಡಿಬಿಸಿಪಿ ಎಂಬ ನೆಮಟೋಡ್ ನಾಶಕ. ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಇಂಥ ತೊಂದರೆ ಕಂಡದ್ದು 1961ರಲ್ಲೇ ಪ್ರಕಟವಾಗಿತ್ತು. 1979ರಲ್ಲಿ ಹವಾಯಿಯ ಅನಾನಸ್ ಒಂದನ್ನು ಬಿಟ್ಟು ಉಳಿದೆಲ್ಲ ಬೆಳೆಗಳಿಗೆ ಅಮೆರಿಕ ಅದನ್ನು ನಿಲ್ಲಿಸಿತು, 1985ರಲ್ಲಿ ಅದಕ್ಕೂ ನಿಲ್ಲಿಸಿತು. ಆದರೆ ಫ್ರೆಸ್ನೊ ಕಡೆಯ ಬಾವಿಗಳ ನೀರಿನಿಂದ ಅದನ್ನು ಸೋಸಿ ತೆಗೆಯುವ ಕೆಲಸ ಆಮೇಲೆ ದಶಕಗಟ್ಟಲೆ ನಡೆಯಿತು.

ಇನ್ನೊಂದು ಕಥೆ. 1985ರ ಜುಲೈ 4, ಇಲ್ಲಿಯ ಸ್ವಾತಂತ್ರ್ಯ ದಿನ. ಕ್ಯಾಲಿಫೋರ್ನಿಯಾದಲ್ಲಿ ಕಲ್ಲಂಗಡಿ ತಿಂದವರಿಗೆ ವಾಂತಿ, ಬೆವರು, ನಡುಕ. ಶಂಕಿತ ಪ್ರಕರಣಗಳು ಸಾವಿರ ದಾಟಿದವು. ಕಲ್ಲಂಗಡಿಗೆ ಬಳಸಲು ಅನುಮತಿಯೇ ಇಲ್ಲದ ಆಲ್ಡಿಕಾರ್ಬ್ ಹಣ್ಣಿನೊಳಗೆ ಸೇರಿತ್ತು. ಅದೂ ಕೀಟಗಳ ಜೊತೆಗೆ ಜಂತುಹುಳುವಿಗೆ ಹಾಕುವ ಹರಳು. 1984ರಲ್ಲಿ ಭೋಪಾಲದಲ್ಲಿ ಸೋರಿದ ಮಿಥೈಲ್ ಐಸೊಸಯನೇಟ್ ಇದೆಯಲ್ಲ, ಆಲ್ಡಿಕಾರ್ಬ್ ತಯಾರಿಸುವುದಕ್ಕೂ ಬೇಕಾದದ್ದು ಅದೇ.

ಊರಿನ ಕಥೆ ಬೇರೆಯೇನಲ್ಲ. ನಾನು ಚಿಕ್ಕವನಿದ್ದಾಗ ಮಾವ ಫೋರೇಟ್ ಹರಳನ್ನು ಮರಳಿಗೆ ಬೆರೆಸಿ ಬರಿಗೈಯಲ್ಲಿ ಎರಚುತ್ತಿದ್ದರು. ಆ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಈಗಲೂ ನೆನಪಿದೆ. ಸಂಜೆ ಮನೆಗೆ ಬಂದು ತಲೆ ಸುತ್ತುತ್ತೆ ಎಂದು ಮಲಗಿಬಿಡುತ್ತಿದ್ದರು. ಬಿಸಿಲಿಗೆ ಹಾಗಾಗಿದೆ ಎಂದು ಅತ್ತೆ ಮಜ್ಜಿಗೆ ಕೊಡುತ್ತಿದ್ದರು. ಅದು ಬಿಸಿಲಲ್ಲ ಎಂದು ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ಭಾರತ ಸರ್ಕಾರ 2018ರಲ್ಲಿ ಆದೇಶ ಹೊರಡಿಸಿ, 2020ರ ಡಿಸೆಂಬರ್ 31ರಿಂದ ಫೋರೇಟನ್ನು ಪೂರ್ತಿ ನಿಷೇಧಿಸಿತು.

"ಸರಿ, ವಿಷ ಅಪಾಯ, ಎಲ್ಲರಿಗೂ ಗೊತ್ತು. ಆದರೆ ಕೆಲಸ ಮಾಡುತ್ತಲ್ಲ?" ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡೆ. ಅದಕ್ಕೆ ನನಗೆ ಸಿಕ್ಕ ಉತ್ತರ ಇಂಗ್ಲೆಂಡಿನದು.

ಅಲ್ಲಿ ಗೋಧಿ, ಬಾರ್ಲಿ, ಓಟ್ಸ್ ಬೇರಿಗೆ ಬೀಳುವ ಇನ್ನೊಂದು ಜಾತಿಯ ಜಂತುಹುಳು ಇದೆ. ಅದೇ ಬೆಳೆಯನ್ನು ವರ್ಷ ವರ್ಷವೂ ಬೆಳೆದರೆ ಹುಳು ಹೆಚ್ಚುತ್ತಲೇ ಹೋಗಬೇಕು ತಾನೇ? ಕೆಲವು ಹೊಲಗಳಲ್ಲಿ ಹಾಗಾಗಲಿಲ್ಲ. ಮೊದಲು ಹೆಚ್ಚಿ, ಆಮೇಲೆ ತಾನಾಗಿಯೇ ಇಳಿದುಬಿಟ್ಟಿತು. ಏಕೆಂದು ಹುಡುಕಿದವರು ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಬ್ರಯಾನ್ ಕೆರ್ರಿ ಮತ್ತು ಸಂಗಡಿಗರು. 1970ರ ದಶಕದಿಂದ ಅವರು ನಡೆಸಿದ ಕೆಲಸದಲ್ಲಿ ಗೊತ್ತಾದದ್ದು ಇದು: ಆ ಮಣ್ಣಿನಲ್ಲಿ ಹೆಣ್ಣು ಹುಳುವನ್ನೂ ಅದರ ಮೊಟ್ಟೆಯನ್ನೂ ತಿಂದು ಬದುಕುವ ಸೂಕ್ಷ್ಮ ಶಿಲೀಂಧ್ರಗಳು ಬೆಳೆದುಕೊಂಡಿದ್ದವು. ಪರೀಕ್ಷೆಗೆಂದು ಹೊಲದ ಕೆಲವು ತುಂಡುಗಳಿಗೆ ಫಾರ್ಮಲಿನ್ ಸುರಿದರು. ಶಿಲೀಂಧ್ರ ಸತ್ತಿತು. ಜಂತುಹುಳು? ಔಷಧಿ ಹಾಕದ ಜಾಗಕ್ಕಿಂತ ಔಷಧಿ ಹಾಕಿದ ಜಾಗದಲ್ಲೇ ವಿಪರೀತ ಹೆಚ್ಚಿತು!

ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿದೆ. ವೈರಸ್ ಬಂದಿದೆ ಎಂದು ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿದೆವು, ಅದರ ಜೊತೆ ಆಂಟಿವೈರಸ್ಸೂ ಹೋಯಿತು, ಮತ್ತೆ ಅದೇ ನೆಟ್‌ವರ್ಕಿಗೆ ಜೋಡಿಸಿದೆವು. ಆಮೇಲೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಣ್ಣಿನಲ್ಲಿ ಉಳಿದ ನಾಲ್ಕು ಮೊಟ್ಟೆ, ಪಕ್ಕದ ಹೊಲದಿಂದ ಟ್ರ್ಯಾಕ್ಟರ್ ಚಕ್ರದಲ್ಲಿ ಬರುವ ಮಣ್ಣು, ನರ್ಸರಿಯಿಂದ ತಂದ ಸಸಿಯ ಬೇರು ಇಷ್ಟು ಸಾಕು. ಕಾವಲುಗಾರರಿಲ್ಲದ ಮನೆಗೆ ಕಳ್ಳ ಮತ್ತೆ ನುಗ್ಗುತ್ತಾನೆ.

ಈ ಕಾವಲುಗಾರರು ಯಾರು? ಒಬ್ಬಿಬ್ಬರಲ್ಲ, ಒಂದು ಇಡೀ ಪೊಲೀಸ್ ಠಾಣೆಯೇ ಇದೆ.

ಕೆಲವು ಶಿಲೀಂಧ್ರಗಳು ಬಲೆ ಬೀಸುತ್ತವೆ. ಅಂಟು ಎಳೆಗಳ ಬಲೆಗೆ ಹುಳು ಸಿಕ್ಕಿಬಿದ್ದರೆ ಒಳಹೊಕ್ಕು ತಿಂದುಹಾಕುತ್ತವೆ. ಜರ್ಮನಿಯ ಜೋಫ್ 1888ರಲ್ಲೇ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿದ್ದ. ಇನ್ನು ಕೆಲವು ಮೊಟ್ಟೆ ಕಳ್ಳರು. 1979ರಲ್ಲಿ ಪೆರು ದೇಶದ ಆಲೂಗಡ್ಡೆ ಸಂಶೋಧನಾ ಕೇಂದ್ರದ ಜತಾಲ ಮತ್ತು ಸಂಗಡಿಗರು ವರದಿ ಮಾಡಿದ ಪರ್ಪ್ಯುರಿಯೊಸಿಲಿಯಂ ಲಿಲಾಸಿನಂ ಈ ಗುಂಪಿನದು. ಹೆಸರು ನಾಲಿಗೆಗೆ ಕಷ್ಟ, ಆದರೆ ಇಂದು ನಮ್ಮೂರ ಅಂಗಡಿಗಳಲ್ಲೂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಪಾಸ್ಟೂರಿಯ ಎಂಬ ಬ್ಯಾಕ್ಟೀರಿಯಾ ಅಂತೂ ಮಹಾ ಕಿಲಾಡಿ. ಓಡಾಡುವ ಮರಿಹುಳುವಿನ ಮೈಗೆ ಅಂಟಿಕೊಂಡು ಅದರ ಜೊತೆಗೇ ಬೇರಿನೊಳಗೆ ಹೋಗುತ್ತದೆ. ಹುಳು ದೊಡ್ಡದಾದಾಗ ಅದರ ಹೊಟ್ಟೆಯಲ್ಲಿ ಮೊಟ್ಟೆಯ ಬದಲು ಇಪ್ಪತ್ತು ಲಕ್ಷದಷ್ಟು ಪಾಸ್ಟೂರಿಯ ಬೀಜಕಗಳು!

ಟ್ರೈಕೋಡರ್ಮ ಹೆಸರು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಅದು ಬೇರಿನ ಸುತ್ತ ಜಾಗ ಹಿಡಿದು ಕೂರುವುದಲ್ಲದೆ, ಗಿಡದ ಸ್ವಂತ ರಕ್ಷಣಾ ವ್ಯವಸ್ಥೆಯನ್ನೂ ಎಚ್ಚರಿಸಿ ಇಡುತ್ತದೆ. ಒಂಥರಾ ಲಸಿಕೆ ಹಾಕಿಸಿದ ಹಾಗೆ.

ಇನ್ನು ನಮ್ಮವರ ಪಾಲು. ಬೇರಿನೊಡನೆ ಕೊಡುಕೊಳ್ಳುವಿಕೆಯ ನಂಟು ಬೆಳೆಸಿ ಗಿಡಕ್ಕೆ ರಂಜಕ ತಂದುಕೊಡುವ ಮೈಕೊರೈಜ ಶಿಲೀಂಧ್ರವಿದೆ. ಅದಿದ್ದರೆ ಟೊಮೇಟೊ ಬೇರಿನ ಗಂಟುಗಳ ಸಂಖ್ಯೆಯೂ ಗಾತ್ರವೂ ಕಡಿಮೆಯಾಗುತ್ತವೆ ಎಂದು 1979ರಷ್ಟು ಹಿಂದೆಯೇ ಪ್ರಬಂಧ ಪ್ರಕಟಿಸಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಾ. ಬಾಗ್ಯರಾಜ್ ಮತ್ತು ಸಂಗಡಿಗರು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ರಾವ್ ಮತ್ತವರ ತಂಡ ಇಂಥ ಜೀವಿಗಳನ್ನು ರೈತರು ಬಳಸುವ ಪುಡಿ, ದ್ರಾವಣದ ರೂಪಕ್ಕೆ ತಂದು, ಆ ತಂತ್ರಜ್ಞಾನವನ್ನು ಕಂಪನಿಗಳಿಗೂ ಕೊಟ್ಟಿದ್ದಾರೆ. ಶ್ರೀನಿವಾಸಪುರದಿಂದ ಹೆಸರಘಟ್ಟ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಆದರೆ ಮಾವನಿಗೆ ಸಲಹೆ ಸಿಕ್ಕಿದ್ದು ಔಷಧಿ ಅಂಗಡಿಯಲ್ಲಿ, ನನಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದಲ್ಲಿ ಕೂತು ಹುಡುಕಿದಾಗ. ವಿಚಿತ್ರವಲ್ಲವೇ?

ಮಣ್ಣಿನ ಜೀವಿಗಳ ಬಗ್ಗೆ ಮೂಗು ಮುರಿಯುವವರಿಗೆ ಒಂದು ಮಾತು. ಜಪಾನಿನ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಲ್ಲಿ ಸತೋಶಿ ಒಮುರಾ ಅವರಿಗೆ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು ಅವರ್‌ಮೆಕ್ಟಿನ್. ಅದರ ಒಂದು ರೂಪ ಬೆಳೆಯ ಜಂತುಹುಳುವಿಗೆ ಬೀಜೋಪಚಾರವಾಯಿತು. ಇನ್ನೊಂದು ರೂಪ ಐವರ್‌ಮೆಕ್ಟಿನ್. ಮನುಷ್ಯರಿಗೆ ಕುರುಡುತನ ತರುವ ಜಂತು, ಆನೆಕಾಲು ರೋಗದ ಜಂತು ಎರಡಕ್ಕೂ ಅದು ಔಷಧಿ. 2015ರಲ್ಲಿ ಒಮುರಾ ಮತ್ತು ಕ್ಯಾಂಬೆಲ್ ಅವರಿಗೆ ಇದಕ್ಕಾಗಿ ನೊಬೆಲ್ ಬಂತು.

ಇಷ್ಟು ಓದಿ ಕೆಲವರು ಕುಣಿದಾಡಿಬಿಡುತ್ತೀರಿ ಎಂದು ನನಗೆ ಗೊತ್ತು. ನಮ್ಮ ಸಂಘದ ಪಿಕ್ನಿಕ್ಕಿನಲ್ಲಿ ನಾನು ಈ ವಿಷಯ ಎತ್ತಿದಾಗ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಎರಡು ಬಣಗಳೇ ಆದವು. ಒಂದು ಬಣದ್ದು, "ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು, ಸಗಣಿ ಹಾಕಿದರೆ ಸಾಕು, ಉಳಿದದ್ದು ಪ್ರಕೃತಿ ನೋಡಿಕೊಳ್ಳುತ್ತೆ." ಇನ್ನೊಂದು ಬಣದ್ದು, "ಇದೆಲ್ಲ ವಾರಾಂತ್ಯದ ರೊಮ್ಯಾನ್ಸು, ಸಾಲ ಇರುವ ರೈತನಿಗೆ ನಾಳೆಯೇ ಕೆಲಸ ಮಾಡುವ ಔಷಧಿ ಬೇಕು." ನನ್ನ ಅಭಿಪ್ರಾಯದಲ್ಲಿ ಇಬ್ಬರದ್ದೂ ಅರ್ಧ ತಪ್ಪು.

ಮೊದಲ ಬಣಕ್ಕೆ: ಇಂಗ್ಲೆಂಡಿನ ಆ ಹೊಲಗಳಲ್ಲಿ ಹುಳು ಇಳಿಯುವ ಮುನ್ನ ಎಷ್ಟೋ ವರ್ಷ ಬೆಳೆ ನಷ್ಟವಾಗಿತ್ತು. ಎಲ್ಲ ಮಣ್ಣಿನಲ್ಲೂ ಹಾಗಾಗುವುದೂ ಇಲ್ಲ. ಪ್ರಕೃತಿಗೆ ಬ್ಯಾಂಕಿನ ಕಂತಿನ ತಾರೀಖು ಗೊತ್ತಿಲ್ಲ. ಈಗಾಗಲೇ ಗಂಟು ಕಟ್ಟಿದ ಬೇರನ್ನು ಯಾವ ಸೂಕ್ಷ್ಮಜೀವಿಯೂ ಬಿಚ್ಚಲಾರದು. ಪಾಸ್ಟೂರಿಯದಂಥ ಜೀವಿಯನ್ನು ಹುಳುವಿನ ಹೊರಗೆ ಬೆಳೆಸುವುದೇ ಕಷ್ಟ. ಪ್ಯಾಕೆಟ್ಟಿನಲ್ಲಿ ಬರುವ ಟ್ರೈಕೋಡರ್ಮ ಬಿಸಿಲಿನ ಗೋದಾಮಿನಲ್ಲಿ ಬಿದ್ದಿದ್ದರೆ ಅದು ಜೀವಿಯಲ್ಲ, ಬರೀ ಪುಡಿ.

ಎರಡನೆಯ ಬಣಕ್ಕೆ: ನಾಳೆ ಕೆಲಸ ಮಾಡುವ ಔಷಧಿ ಮುಂದಿನ ವರ್ಷ ಮತ್ತೆ ಬೇಕು, ಅದರ ಮುಂದಿನ ವರ್ಷವೂ ಬೇಕು. ಈಗ ಬಂದಿರುವ ಹೊಸ ರಾಸಾಯನಿಕಗಳು ಹಳೆಯವಕ್ಕಿಂತ ಕಡಿಮೆ ವಿಷದವು, ನಿಜ. ಬೆಳೆ ಉಳಿಸಲೇಬೇಕಾದಾಗ ತಜ್ಞರು ಹೇಳಿದರೆ ಬಳಸಲಿ, ನಾನು ಬೇಡ ಎನ್ನುವುದಿಲ್ಲ. ಆದರೆ ಅವುಗಳಲ್ಲಿ ಫ್ಲೂಪೈರಾಂನಂಥವು ಶಿಲೀಂಧ್ರನಾಶಕಗಳೂ ಹೌದು. ಒಂದು ಕೈಯಲ್ಲಿ ಒಳ್ಳೆಯ ಶಿಲೀಂಧ್ರ ಹಾಕಿ ಇನ್ನೊಂದು ಕೈಯಲ್ಲಿ ಶಿಲೀಂಧ್ರನಾಶಕ ಹಾಕುವ ಮುನ್ನ ಒಮ್ಮೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮಾವನ ವಿಷಯಕ್ಕೆ ವಾಪಸ್ ಬರೋಣ. ಅಂಗಡಿಯ ಔಷಧಿಗೆ ನಾನು ದುಡ್ಡು ಕಳಿಸಲಿಲ್ಲ. "ಕೊಡೋಕಾಗಲ್ಲ ಅಂದ್ರೆ ಹೇಳಿಬಿಡಪ್ಪ, ಕಥೆ ಯಾಕೆ ಹೇಳ್ತೀಯ" ಎಂದು ಮಾವ ಬೇಜಾರು ಮಾಡಿಕೊಂಡರು. ಒಂದು ವಾರ ಮಾತಿಲ್ಲ. ಅಮ್ಮನಿಂದ ನನಗೆ ಪ್ರತ್ಯೇಕ ಮಂಗಳಾರತಿ. ಕೊನೆಗೆ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಬೇರು ಸಮೇತ ಎರಡು ಗಿಡ ತೆಗೆದುಕೊಂಡು ಹೋಗಿ ಎಂದು ಒಪ್ಪಿಸಿದೆ. ಇರುವ ಬೆಳೆ ಹೆಚ್ಚು ಉಳಿಯುವುದಿಲ್ಲ, ಮುಂದಿನದಕ್ಕೆ ತಯಾರಾಗಿ ಎಂಬ ಸಲಹೆ ಸಿಕ್ಕಿತು.

ಮಾಡಿದ್ದಿಷ್ಟು. ಆ ಜಾಗದಲ್ಲಿ ಒಂದು ಹಂಗಾಮು ಟೊಮೇಟೊ ನಿಲ್ಲಿಸಿ ಚೆಂಡುಹೂವು ಹಾಕಿದರು. ಚೆಂಡುಹೂವಿನ ಬೇರಿನಲ್ಲೇ ಈ ಹುಳುವಿಗೆ ಆಗದ ಅಂಶವಿದೆ. ಆಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಟನ್ನಿಗೆ ಎರಡೆರಡು ಕಿಲೋದಂತೆ ಟ್ರೈಕೋಡರ್ಮ, ಸ್ಯೂಡೊಮೊನಾಸ್ ಮತ್ತು ಆ ನಾಲಿಗೆಗೆ ಕಷ್ಟದ ಲಿಲಾಸಿನಂ, ಜೊತೆಗೆ ಬೇವಿನ ಹಿಂಡಿ. ಎಲ್ಲ ಬೆರೆಸಿ, ನೆರಳಲ್ಲಿ ಹದವಾದ ತೇವದಲ್ಲಿ 15 ದಿನ ಮುಚ್ಚಿಟ್ಟು, ವಾರಕ್ಕೊಮ್ಮೆ ತಿರುವಿಹಾಕಿದರು. ಒಂದು ರೀತಿ ದೋಸೆ ಹಿಟ್ಟು ಹುದುಗು ಬರಿಸಿದಂತೆ! ಜೀವಿಗಳು ಆ ಗೊಬ್ಬರ ತಿಂದು ಹೆಚ್ಚಿದ ಮೇಲೆ ಸಾಲಿಗೆ ಹಾಕಿ ಸಸಿ ನೆಟ್ಟರು. ಸಸಿ ಬೆಳೆಸುವ ಟ್ರೇಗೂ ಅದನ್ನೇ ಸ್ವಲ್ಪ ಬೆರೆಸಿದರು. (ನಿಮ್ಮ ಬೆಳೆಗೆ, ಮಣ್ಣಿಗೆ ಎಷ್ಟು ಬೇಕೆಂದು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ನನ್ನ ಮಾತು ಕೇಳಿ ಮಾಡಬೇಡಿ.)

"ಎರಡು ಸಾಲು ಏನೂ ಹಾಕದೆ ಬಿಡಿ ಮಾವ, ಹೋಲಿಸಿ ನೋಡೋಣ" ಎಂದೆ. "ನಿನ್ನ ಪ್ರಯೋಗಕ್ಕೆ ನನ್ನ ಎರಡು ಸಾಲು ಬಲಿ ಏನೋ?" ಎಂದು ಗೊಣಗಿದರೂ ಬಿಟ್ಟರು. ಬೆಳೆ ಮುಗಿದ ಮೇಲೆ ಎರಡೂ ಕಡೆಯ ಬೇರು ತೊಳೆದು ಪಕ್ಕಪಕ್ಕ ಇಟ್ಟು ಫೋಟೊ ಕಳಿಸಿದರು. ಗೊಬ್ಬರ ಹಾಕಿದ ಸಾಲಲ್ಲೂ ಗಂಟು ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಡಿಮೆ, ಚಿಕ್ಕವು, ನಡುವೆ ಬಿಳಿ ಬೇರು ಕಾಣುತ್ತಿತ್ತು. ಬಿಟ್ಟ ಸಾಲಿನ ಬೇರು ಮತ್ತೆ ಶುಂಠಿ. ಗಿಡ ಒಂದೆರಡು ವಾರ ಹೆಚ್ಚು ಕಾಯಿ ಕೊಟ್ಟಿತು. ಅಷ್ಟು ಹೊತ್ತಿಗೆ ಬೆಲೆ ಬಿದ್ದಿತ್ತು ಎನ್ನುವುದು ಬೇರೆ ಮಾತು! ಒಂದು ಹೊಲದ ಎರಡು ಸಾಲು ವಿಜ್ಞಾನವಲ್ಲ. ಆದರೆ ಮಾವ ಈ ಸಲ ಕೇಳದೆಯೇ ಮತ್ತೆ ಗೊಬ್ಬರ ಗುಡ್ಡೆ ಹಾಕಿದ್ದಾರೆ.

ಇದರಲ್ಲಿ ನನ್ನನ್ನು ಚುಚ್ಚಿದ್ದು ಒಂದೇ ಸಂಗತಿ. ಆ ಗೊಬ್ಬರವನ್ನು ಮಾವ ಲೋಡುಗಟ್ಟಲೆ ದುಡ್ಡು ಕೊಟ್ಟು ತರಿಸಬೇಕಾಯಿತು. ಆರು ವರ್ಷದ ಹಿಂದೆ ಅವರ ಕೊಟ್ಟಿಗೆಯಲ್ಲಿ ನಾಲ್ಕು ಹಸು ಇದ್ದವು. "ವಯಸ್ಸಾಯ್ತು, ಯಾಕೆ ಒದ್ದಾಡ್ತೀರಿ, ಮಾರಿಬಿಡಿ" ಎಂದು ಇಲ್ಲಿಂದ ಉಪದೇಶ ಮಾಡಿದವನು ನಾನೇ. ಕಾವಲುಗಾರರಿಗೆ ಸಂಬಳ ಕೊಡುತ್ತಿದ್ದುದು ಆ ಹಸುಗಳು ಎಂಬುದು ನನಗೆ ಹೊಳೆದಿರಲಿಲ್ಲ. ಸೂಕ್ಷ್ಮಜೀವಿಗೆ ತಿನ್ನಲು ಏನಾದರೂ ಬೇಕಲ್ಲ. ಬರಡು ಮಣ್ಣಿಗೆ ಪ್ಯಾಕೆಟ್ ಸುರಿದರೆ ಅನ್ನವಿಲ್ಲದ ಊರಿಗೆ ಪೊಲೀಸರನ್ನು ವರ್ಗ ಮಾಡಿದ ಹಾಗೆ.

ಹಾಗಾಗಿ ನನ್ನ ವಾದ ಇಷ್ಟೇ. ನಾವು ಊರಿಗೆ ಕಳಿಸುವ ದುಡ್ಡಿಗೂ ಒಂದು ಮಾತು ಇದೆ. ಔಷಧಿಗೆ ಕೇಳಿದರೆ ಎರಡು ನಿಮಿಷದಲ್ಲಿ ಕಳಿಸಿಬಿಡುತ್ತೇವೆ, ಏಕೆಂದರೆ ಅದಕ್ಕೆ ಬಿಲ್ಲಿದೆ, ಹೆಸರಿದೆ. ಒಂದು ಹಂಗಾಮು ಟೊಮೇಟೊ ಬಿಟ್ಟು ಚೆಂಡುಹೂವು ಹಾಕಿದರೆ ಕೈಬಿಡುವ ಆದಾಯಕ್ಕೆ ಬಿಲ್ಲಿಲ್ಲ. ಅದನ್ನು ಯಾವ ಮಾವನೂ ಫೋನ್ ಮಾಡಿ ಕೇಳುವುದಿಲ್ಲ, ಮರ್ಯಾದೆ ಅಡ್ಡ ಬರುತ್ತದೆ. ಆದರೆ ರೈತ ಮತ್ತೆ ಮತ್ತೆ ಅದೇ ಬೆಳೆ ಹಾಕುವುದು, ಎಲ್ಲವನ್ನೂ ಸಾಯಿಸುವ ಔಷಧಿಗೆ ಕೈ ಚಾಚುವುದು, ಆ ಒಂದು ಹಂಗಾಮು ಸುಮ್ಮನಿರುವ ಶಕ್ತಿ ಇಲ್ಲದ್ದರಿಂದ. ನಮ್ಮ ಡಾಲರು ಕೊಂಡುಕೊಡಬೇಕಾದದ್ದು ಆ ಹಂಗಾಮನ್ನು. ಮುಂದಿನ ಸಲ ಊರಿಂದ ಫೋನ್ ಬಂದಾಗ "ಯಾವ ಔಷಧಿ?" ಎಂದು ಕೇಳುವ ಮುನ್ನ "ಹೋದ ಸಲ ಅಲ್ಲಿ ಏನು ಬೆಳೆದಿದ್ರಿ, ಮುಂದೆ ಏನು ಹಾಕ್ತೀರಿ? ಗೊಬ್ಬರ ಎಲ್ಲಿಂದ?" ಎಂದು ಕೇಳಿ ನೋಡಿ.

ಕೊನೆಯದಾಗಿ ಕೆಲವು ಉಪಯುಕ್ತ ಮಾತುಗಳು. ಜೈವಿಕ ಪ್ಯಾಕೆಟ್ ಕೊಳ್ಳುವಾಗ ತಯಾರಾದ ದಿನಾಂಕ, ನೋಂದಣಿ ಸಂಖ್ಯೆ, ಗ್ರಾಮಿಗೆ ಎಷ್ಟು ಜೀವಿ ಎಂಬ ವಿವರ ನೋಡಲು ಹೇಳಿ. ಬೆಳೆ ಮುಗಿದಾಗ ನಾಲ್ಕು ಗಿಡ ಕಿತ್ತು ಬೇರು ತೊಳೆದು ನೋಡುವ ಅಭ್ಯಾಸ ಮಾಡಿಸಿ. ಹುರುಳಿ, ಅವರೆ ಬೇರಿನ ಗುಳ್ಳೆ ಕಂಡು ಹೆದರಬೇಡಿ. ಉಗುರಲ್ಲಿ ಕೆರೆದರೆ ಕಿತ್ತು ಬಂದರೆ ಅದು ಸಾರಜನಕ ಕೊಡುವ ನೆಂಟ. ಬೇರೇ ಊದಿಕೊಂಡು ಕಿತ್ತು ಬಾರದಿದ್ದರೆ ಅದು ಕಳ್ಳ. ಇಲ್ಲಿ ಹಿತ್ತಲಲ್ಲಿ ಟೊಮೇಟೊ ಬೆಳೆಸುವವರು ನರ್ಸರಿಯಲ್ಲಿ ಸಸಿಯ ಚೀಟಿಯ ಮೇಲೆ ವಿ, ಎಫ್, ಎನ್ ಎಂಬ ಅಕ್ಷರ ನೋಡಿರುತ್ತೀರಿ. ಅದರ ಎನ್ ಎಂದರೆ ನೆಮಟೋಡ್ ತಡೆದುಕೊಳ್ಳುವ ತಳಿ. ಆದರೆ ಮಣ್ಣಿನ ಬಿಸಿ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಶಕ್ತಿ ಕುಂದುತ್ತದೆ. ಆದ್ದರಿಂದ ಅಡುಗೆಮನೆಯ ತರಕಾರಿ ಸಿಪ್ಪೆಯನ್ನು ಕಸಕ್ಕೆ ಹಾಕದೆ ಕಾಂಪೋಸ್ಟ್ ಮಾಡಿ ಮಣ್ಣಿಗೆ ಕೊಡಿ. ಮಕ್ಕಳಿಗೂ ಒಂದು ಕೆಲಸ ಸಿಕ್ಕಂತಾಯಿತು, ಐಪ್ಯಾಡಿಗೂ ಸ್ವಲ್ಪ ವಿರಾಮ!

ನೀವೇನಂತೀರಿ? ನಿಮ್ಮ ಊರಿನ ಹೊಲದ ಅನುಭವ ಬೇರೆಯೇ ಇದ್ದರೆ, ಅಥವಾ ನಾನು ಎಲ್ಲಾದರೂ ಎಡವಿದ್ದರೆ ಸಂಪಾದಕರಿಗೆ ಬರೆದು ತಿಳಿಸಿ. ನಮ್ಮ ನಡುವೆ ಕೃಷಿ ಓದಿದವರೂ ಇದ್ದೀರಿ, ನಿಮ್ಮಿಂದ ಬೈಸಿಕೊಳ್ಳಲು ಸಿದ್ಧನಿದ್ದೇನೆ. ಈ ಡಿಸೆಂಬರಿನಲ್ಲಿ ಊರಿಗೆ ಹೋಗುವವರು ಒಮ್ಮೆ ಹೊಲಕ್ಕೂ ಹೋಗಿ, ಒಂದು ಗಿಡ ಕಿತ್ತು ಬೇರು ನೋಡಿ ಬನ್ನಿ.